ಹಸಿದ ಕೋಟೆಗೆ ಹಿದುಕಿದ ಬೇಳೆ ಸಾರು

ದಿಬ್ಬೂರಹಳ್ಳಿಯಲ್ಲಿ ಅಮ್ಮಾಜಮ್ಮನ ಕೈಯಡುಗೆಗೆ ಮೂವತ್ತು ವರ್ಷದಿಂದ ಇದ್ದ ಹೆಸರನ್ನು ಹಾಳು ಮಾಡಲೆಂದೇ ಸಿನಿಮಾದವರು ಮೂರು ಬಸ್ಸು ತುಂಬ ಬಂದಿಳಿದರು.

ಊರ ಹಿಂದಿನ ಗುಡ್ಡದ ಮೇಲೆ ರಟ್ಟಿನ ಕೋಟೆ ಎದ್ದಿತು. ಕತೆ ಗೆದ್ದ ರಾಜನದಲ್ಲ, ಸೋತ ಕಡೆಯ ಸಿಪಾಯಿಗಳದು. ಶತ್ರುಗಳು ಮುತ್ತಿಗೆ ಹಾಕುತ್ತಾರೆ, ಒಳಗೆ ದವಸ ಮುಗಿಯುತ್ತದೆ, ಸಿಪಾಯಿಗಳು ಹಸಿದು ಒಬ್ಬೊಬ್ಬರಾಗಿ ಒರಗುತ್ತಾರೆ. ಕಟ್ಟಕಡೆಗೆ ಸಾಯುವ ಸಿಪಾಯಿಯ ಪಾತ್ರ ಅಮ್ಮಾಜಮ್ಮನ ಗಂಡ ವೆಂಕಟರಾಮಪ್ಪನಿಗೆ ಸಿಕ್ಕಿತು. ಪರದೆ ತುಂಬ ಅವನ ಮುಖವೊಂದೇ. "ಒಂದು ತುತ್ತು" ಎಂದು ಕೇಳಿ ಕಣ್ಣು ಮುಚ್ಚಬೇಕು. ಅಷ್ಟರಲ್ಲಿ ಕೆನ್ನೆ ಒಳಕ್ಕೆ ಹೋಗಿರಬೇಕೆಂದು ನಿರ್ದೇಶಕ ಸಿದ್ಧಾರ್ಥ್ ಹದಿನೈದು ದಿನದ ಗಡುವು ಕೊಟ್ಟ.

"ಸೋತೋರು ಅಂದ್ರೆ ಉಪವಾಸ ಇರಲೇಬೇಕಾ? ಉಂಡು ಸೋಲಕ್ಕಾಗಲ್ವಾ?" ಎಂದಳು ಅಮ್ಮಾಜಮ್ಮ.

"ಸಿನಿಮಾ ಕಣೇ ಅದು."

"ನಿಮಗೆ ಸಿನಿಮಾ. ನಾಳೆ ಚಿಂತಾಮಣಿ ಟಾಕೀಸಲ್ಲಿ ನಮ್ಮ ಸಾದಲಿಯೋರು ನೋಡಿ, ಅಮ್ಮಾಜಿ ಗಂಡನಿಗೆ ಅನ್ನ ಹಾಕಲ್ಲ ಅಂದ್ರೆ ನಾನು ತವರಿಗೆ ಹೆಂಗೆ ಹೋಗ್ಲಿ?"

ಸಿಪಾಯಿಗಳನ್ನೆಲ್ಲ ಗುಡ್ಡದ ಮೇಲೆಯೇ ಇರಿಸಿಕೊಂಡು ಗಂಜಿ ಕೊಡತೊಡಗಿದರು. ಅದು ಅವರೆಕಾಯಿ ಕಾಲ. (ಆ ಕಾಲದಲ್ಲಿ ಗಂಜಿ ಕುಡಿಸುವುದು ಶತ್ರುಗಳೂ ಮಾಡದ ಕೆಲಸ.) ಮರುದಿನವೇ ಅಮ್ಮಾಜಮ್ಮ ಎರಡು ಮುದ್ದೆ, ಹಿದುಕಿದ ಬೇಳೆ ಸಾರು ಕ್ಯಾರಿಯರಿಗೆ ತುಂಬಿ, ರೇಷ್ಮೆಹುಳುವಿನ ಸೊಪ್ಪಿನ ಹೊರೆಯೊಳಗೆ ಬಚ್ಚಿಟ್ಟು, ಹೊರೆ ತಲೆಗೇರಿಸಿಕೊಂಡು ಗುಡ್ಡ ಹತ್ತಿದಳು.

ಕಾವಲಿನವನು ತಡೆದ. "ಏನಮ್ಮ ಅದು?"

"ಹುಳಕ್ಕೆ ಸೊಪ್ಪಪ್ಪ."

"ಹುಳ ಮನೇಲಿರಲ್ವಾ?"

"ನಮ್ಮದೊಂದು ದೊಡ್ಡ ಹುಳ ಮೇಲೈತೆ."

ಪಟ್ಟಣದವನು, ನಂಬಿದ. ಮೇಲೆ ವೆಂಕಟರಾಮಪ್ಪನ ರಾಜನಿಷ್ಠೆ ಕ್ಯಾರಿಯರಿನ ಮುಚ್ಚಳ ತೆಗೆಯುವವರೆಗೆ ಅಚಲವಾಗಿತ್ತು.

ಹೀಗೆ ಹದಿನಾಲ್ಕು ದಿನ ನಡೆಯಿತು. ಪಕ್ಕದ ಮನೆಯ ಬಯ್ಯಪ್ಪನೂ ಸಿಪಾಯಿಯೇ. ಅವನ ಹೆಂಡತಿ ಗಂಗುಲಮ್ಮ ಒಂದು ದಿನವೂ ಬುತ್ತಿ ಒಯ್ಯಲಿಲ್ಲ. "ಎಂಥ ಕಲ್ಲು ಮನಸ್ಸಮ್ಮ," ಎಂದು ಅಮ್ಮಾಜಮ್ಮ ಬೀದಿಯಲ್ಲೆಲ್ಲ ಹೇಳಿದಳು.

ಹದಿನೈದನೆಯ ದಿನ ಸಿದ್ಧಾರ್ಥ್ ನೋಡುತ್ತಾನೆ, ಮೊದಲ ದಿನ ವೆಂಕಟರಾಮಪ್ಪನ ನಡುಪಟ್ಟಿಯ ಮೂರನೆಯ ತೂತಿಗೆ ಬಿದ್ದಿದ್ದ ಕೊಂಡಿ ಈಗ ಕೊನೆಯ ತೂತಿಗೂ ಎಟುಕುತ್ತಿಲ್ಲ.

"ವೆಂಕಟರಾಮಪ್ಪನವರೇ, ಮುತ್ತಿಗೆ ಹಾಕಿರೋದು ನಮ್ಮ ಕೋಟೆಗಾ, ಹೊರಗಡೆಯವರಿಗಾ?"

ಕೊನೆಗೆ ಸಾಯುವ ಭಾಗ್ಯ ಬಯ್ಯಪ್ಪನ ಪಾಲಾಯಿತು. ವೆಂಕಟರಾಮಪ್ಪನಿಗೆ ಹೊಸದೊಂದು ಪಾತ್ರ ಬರೆದರು: ಸಿಪಾಯಿಗಳ ದವಸವನ್ನು ಕದ್ದು ತಿನ್ನುವ ಉಗ್ರಾಣದ ಕಾವಲುಗಾರ. ಆ ದೃಶ್ಯಕ್ಕೆ ಸಾರು ಅಮ್ಮಾಜಮ್ಮನ ಮನೆಯಿಂದಲೇ ಹೋಯಿತು. ಅವಳಿಗೆ ಖುಷಿಯೋ ಖುಷಿ. ತನ್ನ ಗಂಡ ಲೋಕದೆದುರು ಉಣ್ಣುತ್ತಾನೆ. ಇನ್ನು ಯಾರು ಏನಂದಾರು?

ಮರುವರ್ಷ ಚಿಂತಾಮಣಿಯಲ್ಲಿ ಸಿನಿಮಾ ಬಂತು. ಅಮ್ಮಾಜಮ್ಮ ಗಂಡನಿಗೆಂದು ಒಂದು ಡಬ್ಬಿ ಹೋಳಿಗೆ ಕಟ್ಟಿಕೊಂಡು, ಸಾದಲಿಯ ಅತ್ತಿಗೆ ಅಶ್ವತ್ಥಮ್ಮನನ್ನೂ ಕರೆಸಿಕೊಂಡು ಹೋದಳು. ಪರದೆಯ ಮೇಲೆ ವೆಂಕಟರಾಮಪ್ಪ ಕತ್ತಲಲ್ಲಿ ಕುಳಿತು ಮುದ್ದೆ ನುಂಗಿದ, ಬೆರಳು ನೆಕ್ಕಿದ, ತಟ್ಟೆ ಎತ್ತಿ ಸಾರು ಸೊರ್ರೆಂದು ಕುಡಿದ. ಟಾಕೀಸೇ ಅವನಿಗೆ ಶಾಪ ಹಾಕಿತು. ಆಮೇಲೆ ಬಯ್ಯಪ್ಪನ ಗುಳಿಬಿದ್ದ ಮುಖ ಬಂದು "ಒಂದು ತುತ್ತು" ಎಂದಿತು. ಅಮ್ಮಾಜಮ್ಮ ಅಳುತ್ತ ಎದ್ದು, ಮುಂದಿನ ಸಾಲಿನಲ್ಲಿ ಕುಳಿತಿದ್ದ ಬಯ್ಯಪ್ಪನ ಮಡಿಲಿಗೆ ಡಬ್ಬಿಯ ಹೋಳಿಗೆಯನ್ನೆಲ್ಲ ಸುರಿದಳು. "ತಿನ್ನಪ್ಪ, ಹೊಟ್ಟೆ ತುಂಬ ತಿನ್ನು."

ದೀಪ ಹತ್ತಿದವು. ವೆಂಕಟರಾಮಪ್ಪ ಖಾಲಿ ಡಬ್ಬಿ ತೆಗೆದುಕೊಂಡು, ಮುಚ್ಚಳಕ್ಕೆ ಅಂಟಿದ್ದ ಹೂರಣವನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದ.

ಅಶ್ವತ್ಥಮ್ಮ ಅವನನ್ನೂ ಖಾಲಿ ಪರದೆಯನ್ನೂ ನೋಡಿ, ಕಣ್ಣೊರೆಸಿಕೊಂಡು ನಾದಿನಿಯ ಕಿವಿಯ ಹತ್ತಿರ ಬಾಗಿದಳು.

"ಅಷ್ಟೊಂದು ಆಸೆಬಿದ್ದು ತಿಂತಾರಲ್ಲೇ ಅಮ್ಮಾಜಿ. ಮನೇಲಿ ನೀನು ಸರಿಯಾಗಿ ಇಕ್ಕಲ್ವೇನೇ?"