ನೇರವಾಗಿಬಿಟ್ಟ ಚೆಂಡಿನ ಬಗ್ಗೆ ಒಂದು ದೂರು

ನಮ್ಮೂರ ಗಾಲ್ಫ್ ಮೈದಾನದ ಮುಖ್ಯ ತರಬೇತುದಾರರೂ ಡೊಂಕು ಹೊಡೆತಗಳ ಹುಟ್ಟುವೈರಿಯೂ ಆದ ಶ್ರೀಮತಿ ಕರ್ಟ್ನಿ ಬೋಡ್ರೋ ಅವರ ಸನ್ನಿಧಿಗೆ, ಮಿನೆಸೋಟದ ಸೊಳ್ಳೆಗಳ ನಡುವೆಯೂ ಕ್ಷೇಮವಾಗಿರುವ ಲಾಯ್ಡ್ ಟೊರ್ವಿಕ್ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ನನಗೆ ಮಾಡಿದ ಉಪಕಾರವನ್ನು ಮರೆಯುವುದು ಸಾಧ್ಯವಿಲ್ಲ, ಕ್ಷಮಿಸುವುದೂ ಕಷ್ಟ. ನಾನು ಹೊಡೆದ ಚೆಂಡು ಮೊದಲು ಸಭ್ಯವಾಗಿ ಹೊರಟು, ಅರ್ಧ ದಾರಿಯಲ್ಲಿ ಏನೋ ನೆನಪಾದಂತೆ ಬಲಕ್ಕೆ ತಿರುಗಿ ಬರ್ಚ್ ಮರಗಳ ತೋಪಿಗೆ ನುಗ್ಗುತ್ತಿದ್ದುದು ತಮಗೆ ತಿಳಿದೇ ಇದೆ. ಬಲ್ಲವರು ಅದನ್ನು ಸ್ಲೈಸ್ ಎನ್ನುತ್ತಾರೆ. ನಾಯಿಯ ಬಾಲ ಎಂದಿದ್ದರೂ ಡೊಂಕೇ ಎಂದು ನಂಬಿ ನಾನು ನೆಮ್ಮದಿಯಾಗಿದ್ದೆ. ಆದರೆ ನಿವೃತ್ತಿಯ ಉಡುಗೊರೆಯೆಂದು ನನ್ನ ಹೆಂಡತಿ ಮಾರ್ಲಿಸ್ ತಮ್ಮ ಪಾಠಗಳನ್ನು ಕೊಡಿಸಿ, "ಮನೇಲಿ ಕೂತು ನನ್ ತಲೆ ತಿನ್ನೋ ಬದ್ಲು ಆ ಸ್ಲೈಸಾದ್ರೂ ಸರಿ ಮಾಡ್ಕೊಂಡು ಬನ್ನಿ" ಎಂದು ಹರಸಿ ಕಳಿಸಿದಳು.

ಬಗಲಿಗೆ ಟವೆಲ್ ಸಿಕ್ಕಿಸಿ, ಅದು ಬೀಳದಂತೆ ಕೋಲು ಬೀಸಬೇಕೆಂದು ತಾವು ಅಪ್ಪಣೆ ಕೊಡಿಸಿದಿರಿ. ಬೀಸಿದೆ. ಟವೆಲ್ಲಿನ ಜೊತೆ ನಾನೂ ಬಿದ್ದೆ. ತಾವು ಎದೆಗುಂದದೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಹಿಡಿಸಿದಿರಿ, ವಿಡಿಯೊ ತೆಗೆದು ಹಾವು ಹೊಡೆಯುವ ಮುದುಕನಂತಿದ್ದ ನನ್ನನ್ನು ನನಗೇ ತೋರಿಸಿದಿರಿ, ಕೊನೆಗೊಂದು ದಿನ ಗೆದ್ದೂ ಬಿಟ್ಟಿರಿ. ಆದರೆ ಚೆಂಡು ಹೇಗೂ ಬಲಕ್ಕೆ ಹೋಗುತ್ತದೆಂದು ವರ್ಷಗಟ್ಟಲೆ ಎಡಕ್ಕೆ ಗುರಿಯಿಟ್ಟು ನಿಂತ ಅಭ್ಯಾಸವನ್ನು ಬಿಡಿಸಲು ತಾವು ಮರೆತದ್ದರಿಂದ, ನನ್ನ ಬಾಳಿನ ಮೊದಲ ನೇರ ಹೊಡೆತ ನೆಟ್ಟಗೆ ಎಡಕ್ಕೆ ಹಾರಿ, ಮೈದಾನದಂಚಿನಲ್ಲಿ ಲುಥೆರನ್ ಚರ್ಚಿನ ಪಾದ್ರಿಗಳು ಸಾಸೇಜ್ ಸುಡುತ್ತಿದ್ದ ಒಲೆಯೊಳಗೆ ಬಿತ್ತು. "ಲಾಯ್ಡ್, ನೀನು ಬಲಕ್ಕೇ ಹೊಡಿಯೋನು ಅಂತ ತಾನೇ ನಾನು ಈ ಕಡೆ ಒಲೆ ಇಟ್ಟಿದ್ದು!" ಎಂದು ಆ ದೇವರ ಮನುಷ್ಯ ಗೋಳಾಡಿದ್ದು ಊರಿಗೆಲ್ಲ ಕೇಳಿಸಿತು. ಅದನ್ನೂ ನಾನು ದೂರೆಂದು ಎಣಿಸುವುದಿಲ್ಲ.

ನನ್ನ ದೂರು ಡೆನ್ನಿಸ್ ಪೆಲ್ಟೊನೆನ್ ಕುರಿತದ್ದು. ಪ್ರತಿ ಗುರುವಾರ ನನ್ನ ಜೊತೆ ಆಡುವ ಈ ಗೆಳೆಯನಿಗೂ ದೇವರ ದಯದಿಂದ ಸ್ಲೈಸ್ ಇದೆ. ನಮ್ಮೂರ ಗಂಡಸರು ಎದುರುಬದುರು ನಿಂತರೆ ಹವೆ, ಮೀನು, ಟ್ರಕ್ಕಿನ ಟೈರು ಬಿಟ್ಟು ಬೇರೆ ಮಾತಾಡುವವರಲ್ಲ. ಅಂಥವನೊಬ್ಬನನ್ನೇ ಕಟ್ಟಿಕೊಂಡಿರುವ ತಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಳೆದ ಚೆಂಡನ್ನು ಹುಡುಕುವಾಗಲಾದರೆ ಇಬ್ಬರ ಕಣ್ಣೂ ನೆಲದ ಮೇಲಿರುತ್ತವೆ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ತನ್ನ ಹೆಂಡತಿ ಕ್ಯಾರಲ್‌ಳನ್ನು ಮಣ್ಣು ಮಾಡಿದ ದಿನ ಚರ್ಚಿನಲ್ಲಿ ಕೆರೆಯ ಮಂಜುಗಡ್ಡೆ ಎಷ್ಟು ದಪ್ಪವಿದೆಯೆಂದು ಮಾತಾಡುತ್ತ ಕೂತಿದ್ದ ಡೆನ್ನಿಸ್, ಹಿಮ ಕರಗಿದ ಮೇಲೆ ಆ ಬರ್ಚ್ ತೋಪಿನಲ್ಲಿ ಪೊದೆ ಕೆದಕುತ್ತ, "ಮನೆ ತುಂಬಾ ದೊಡ್ಡದಾಗ್ಬಿಟ್ಟಿದೆ ಕಣೋ" ಎಂದಿದ್ದ. ನಿಯಮದ ಪ್ರಕಾರ ಚೆಂಡನ್ನು ಮೂರೇ ನಿಮಿಷ ಹುಡುಕಬಹುದಂತೆ. ಅಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ.

ಈ ವಸಂತದಲ್ಲಿ, ತಮ್ಮ ಪಾಠ ನನ್ನ ಮೈಗೆ ಹತ್ತುವ ಮುಂಚಿನ ವಾರ, ಅದೇ ತೋಪಿನಲ್ಲಿ ಅವನು "ಡಾಕ್ಟ್ರು ಇನ್ನೊಂದ್ಸಲ ಬಾ ಅಂದಿದಾರೆ, ಅದೇನೋ..." ಎಂದು ಶುರುಮಾಡಿದ. ಅಷ್ಟರಲ್ಲಿ ಆ ಹಾಳು ಚೆಂಡು ಸಿಕ್ಕಿಬಿಟ್ಟಿತು. ಆ ಮಾತು ಇನ್ನೂ ಮುಗಿದಿಲ್ಲ. ಈಗ ಗುರಿಯೂ ಸರಿಹೋಗಿ ನಾನು ನಡುಮೈದಾನದಲ್ಲಿ ರಾಜನಂತೆ ಒಬ್ಬನೇ ನಡೆಯುತ್ತೇನೆ, ಅವನು, ಹುಡುಕಲು ನಾನೂ ಬರುತ್ತೇನೆಂದರೆ ಬೇಡವೆಂದು, ಮರಗಳೊಳಗೆ ಒಬ್ಬನೇ ಹೋಗುತ್ತಾನೆ. ಹೊರಬಂದ ಮೇಲೆ ಹೇಗಿದ್ದೀಯ ಎಂದರೆ ಗಾಳಿ ಜೋರಾಗಿದೆ ಎನ್ನುತ್ತಾನೆ, ಫೋನಿನಲ್ಲಿ ಕೇಳಿದರೂ ಅದೇ ಗಾಳಿ. ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ್ದಾನೆ. ನನಗೆ ಭಯವಾಗಿದೆ, ಮಾನ್ಯರೇ.

ಆದಕಾರಣ ಗುರುವಾರಗಳ ಮಟ್ಟಿಗಾದರೂ ನನ್ನ ಸ್ಲೈಸನ್ನು ಹಿಂದಿರುಗಿಸಬೇಕಾಗಿ ವಿನಂತಿ. ಅದನ್ನು ಎಸೆದುಬಿಟ್ಟಿದ್ದರೆ, ಇತರ ಶಿಷ್ಯರಿಂದ ಕಿತ್ತುಕೊಂಡವು ತಮ್ಮ ಕಪಾಟಿನಲ್ಲಿ ಇದ್ದೇ ಇರುತ್ತವೆ, ನನ್ನ ಅಳತೆಯದೊಂದನ್ನು ಹುಡುಕಿ ಕೊಡಿ. ಅದೂ ಆಗದಿದ್ದರೆ ತೋಪನ್ನೇ ಬೇರುಸಹಿತ ಎತ್ತಿಸಿ ಮೈದಾನದ ನಡುವೆ ನೆಡಿಸಿ. ಡೆನ್ನಿಸ್‌ನನ್ನೂ ನೇರ ಮಾಡುವ ಉತ್ಸಾಹ ಮಾತ್ರ ತಮಗೆ ಬಾರದಿರಲಿ.

ತಮ್ಮ ವಿಶ್ವಾಸಿಯೂ, ತಮ್ಮ ಕೈಯಲ್ಲಿ ನೆಟ್ಟಗಾಗಿ ಕೆಟ್ಟವನೂ ಆದ,
ಲಾಯ್ಡ್ ಟೊರ್ವಿಕ್

ಅಂಚೆಗೆ ಹಾಕುವ ಮುನ್ನ: ತಮ್ಮ ಉತ್ತರಕ್ಕೆ ಕಾಯುವಷ್ಟು ತಾಳ್ಮೆಯಿಲ್ಲದೆ ನಿನ್ನೆ ನಾನು ಮರಗಳಿಗೇ ಗುರಿಯಿಟ್ಟು ಹೊಡೆದೆ. ತಮ್ಮ ಪಾಠ ಎಷ್ಟು ಗಟ್ಟಿಯೆಂದರೆ ಚೆಂಡು ನೇರವಾಗಿ ತೋಪಿನೊಳಗೇ ಹೋಯಿತು. "ಆಯಮ್ಮನಿಗೆ ಕೊಟ್ಟ ದುಡ್ಡು ಹೊಳೇಲಿ ಹುಣಸೆಹಣ್ಣು ಕಲಸ್ದಂಗಾಯ್ತಲ್ಲೋ!" ಎಂದು ನಗುತ್ತ ಡೆನ್ನಿಸ್ ಜೊತೆಗೆ ಬಂದ. ಪೊದೆ ಕೆದಕುತ್ತ, ನನ್ನತ್ತ ನೋಡದೆ, "ಮಂಗಳವಾರ ಹೊಟ್ಟೆ ಕೊಯ್ತಾರಂತೆ. ಒಬ್ನೇ ಹೆಂಗ್ ಹೋಗೋದು ಅಂತ..." ಎಂದ. ನನ್ನ ಚೆಂಡು ಕಾಲ ಬುಡದಲ್ಲೇ ಬೆಳ್ಳಗೆ ಬಿದ್ದಿತ್ತು. ಅದರ ಮೇಲೆ ಬೂಟು ಊರಿ ನಿಂತು, ಅವನು ಮಾತು ಮುಗಿಸುವ ತನಕ ನಾನೂ ಹುಡುಕಿದೆ.