ಮೂರು ಸಲ ಅಳಿಸಿದ ಪುಟ

ನನ್ನ ಓರಗಿತ್ತಿಯನ್ನು ಏನು ಬೇಕಾದರೂ ಕೇಳಿ, ಉಪ್ಪು ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ಕೆಟ್ಟಿರಿ! "ಹುಣಸೆಹಣ್ಣಿನ ಡಬ್ಬಿ ಮೇಲೆ ಚೀಟಿ ಇದೆ ನೋಡಿ ಅಕ್ಕಾ" ಎನ್ನುತ್ತಾಳೆ. ಅಲ್ಲಿ ನೋಡಿದರೆ 'ಉಪ್ಪು: ಸಾಸಿವೆ ಡಬ್ಬಿಯ ಹಿಂದೆ. ಇದನ್ನೂ ನೋಡಿ: ಉಪ್ಪಿನಕಾಯಿ, ಕಲ್ಲುಪ್ಪು' ಎಂದಿರುತ್ತದೆ. ಸಾಸಿವೆ ಡಬ್ಬಿಯ ಹಿಂದೆ ಹೋದರೆ ಅಲ್ಲಿ ಇನ್ನೊಂದು ಚೀಟಿ. ನಾನು ಉಪ್ಪು ಹಿಡಿದು ವಾಪಸು ಬರುವಷ್ಟರಲ್ಲಿ ನಮ್ಮ ಯಜಮಾನರು ಸಪ್ಪೆ ಸಾರು ಉಂಡು ಕೈ ತೊಳೆದಿರುತ್ತಾರೆ.

ಇವಳು ನನ್ನ ಮೈದುನನ ಹೆಂಡತಿ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅವರು ಮೇಲೆ, ನಾವು ಕೆಳಗೆ, ಅಡುಗೆಮನೆ ಒಂದೇ. ಅಣ್ಣತಮ್ಮಂದಿರಿಬ್ಬರೂ ಮಾರ್ಕೆಟ್ಟಿನಲ್ಲಿ, ಮೊದಲು ಅತ್ತೆ ನೋಡಿಕೊಳ್ಳುತ್ತಿದ್ದ ಸೊಪ್ಪಿನ ಸಗಟು ವ್ಯಾಪಾರ ಮಾಡುತ್ತಾರೆ. ಈ ಮನೆಗೆ ನಾನು ಬಂದಾಗ ಬಿ.ಎ. ಮಾಡಿದವಳು ನಾನೊಬ್ಬಳೇ. ಯಾರ ಮನೆಗೆ ಏನು ಫಾರಂ ಬಂದರೂ "ದೊಡ್ಡ ಸೊಸೆ ಹತ್ರ ತುಂಬ್ಸಿ" ಎನ್ನುತ್ತಿದ್ದರು ಅತ್ತೆ. ಆಹಾ, ಆ ಮಾತು ಕೇಳುವುದಕ್ಕೇ ನಾನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ! ಆಮೇಲೆ ಇವಳು ಬಂದಳು. ಇವಳೂ ಬಿ.ಎ. ಸಾಲದ್ದಕ್ಕೆ ಕಂಪ್ಯೂಟರ್ ಬರುತ್ತದೆ. ಅಲ್ಲಿಂದ ನನ್ನ ಹೊಟ್ಟೆಕಿಚ್ಚು ಶುರು. ಮುಚ್ಚಿಟ್ಟುಕೊಳ್ಳುವುದೇನು ಬಂತು, ಇವತ್ತಿಗೂ ಪೂರ್ತಿ ಆರಿಲ್ಲ.

ಐವತ್ತು ದಾಟಿದ ಮೇಲೆ ನಾನು ಬಸವನಗುಡಿಯಲ್ಲಿ ಭಾನುವಾರದ ಶಾಸನಶಾಸ್ತ್ರ ತರಗತಿಗೆ ಸೇರಿಕೊಂಡೆ. ಹಳೆಯ ಕಲ್ಲುಗಳ ಮೇಲಿನ ಬರಹ ಓದುವ ಡಿಪ್ಲೊಮಾ. ಮನೆಯಲ್ಲಿ ಮತ್ತೆ ನಾನೇ ಹೆಚ್ಚು ಓದಿದವಳಾಗಬೇಕಿತ್ತು, ಅಷ್ಟೇ. ಮೊದಲ ವರ್ಷವೇ ಒಂದು ಪೇಪರಿನಲ್ಲಿ ಡುಮ್ಕಿ! ಶಾಸನವನ್ನು ಹಾಳು ಮಾಡುವವರಿಗೆ ಕೊನೆಯಲ್ಲಿ ಶಾಪ ಬರೆದಿರುತ್ತಾರಲ್ಲ, ಶಾಪಾಶಯ, ಅದರ ಪ್ರಶ್ನೆಗೆ ನಾನು ಎರಡು ಸಾಲು ಬರೆದು ಬೆವರು ಒರೆಸಿಕೊಂಡಿದ್ದೆ. ಇನ್ನೊಂದೇ ಸಲ ಕೂರಲು ಅವಕಾಶ. ಅದೂ ಹೋದರೆ ಮೊದಲಿನಿಂದ ಕೋರ್ಸು ಮಾಡಬೇಕು. ಅತ್ತೆಗೆ 'ರಿಸಲ್ಟ್ ಇನ್ನೂ ಬಂದಿಲ್ಲ' ಎಂದು ಸುಳ್ಳು ಹೇಳಿ ಕೂತಿದ್ದೆ.

ಮರುವರ್ಷ ಒಬ್ಬಳೇ ಹೋಗಲು ಬೇಜಾರೆಂದು ಇವಳಿಗೂ ಫಾರಂ ತುಂಬಿಸಿ, ಮೊದಲ ದಿನ ಕೈ ಹಿಡಿದು ಕರೆದುಕೊಂಡು ಹೋದೆ. ಬುದ್ಧಿ ಬೇಡವೇ ನನಗೆ?

ಒಂದೇ ತಿಂಗಳಲ್ಲಿ ಅವಳು ಪಾಠಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿ ತನ್ನದೇ ಒಂದು ವಿಕಿ ಕಟ್ಟಿಬಿಟ್ಟಳು. ಒಂದೊಂದು ವಿಷಯಕ್ಕೆ ಒಂದೊಂದು ಪುಟ. ಪುಟದಲ್ಲಿ ಕೆಲವು ಪದಗಳು ನೀಲಿ. 'ವೀರಗಲ್ಲು' ಎಂಬುದನ್ನು ಒತ್ತಿದರೆ ವೀರಗಲ್ಲಿನ ಪುಟ, ಅಲ್ಲಿ 'ಗಂಗರು' ಒತ್ತಿದರೆ ಗಂಗರ ಪುಟ. ಚೀಟಿ ಅಂಟಿಸುವ ಚಟಕ್ಕೆ ಕೊನೆಗೂ ಸರಿಯಾದ ಜಾಗ ಸಿಕ್ಕಿತ್ತು! ಅಷ್ಟಕ್ಕೇ ಬಿಟ್ಟಳೇ? ಪ್ಲಗಿನ್ ಎಂದು ಇರುತ್ತವಂತೆ, ವಿಕಿಗೆ ತಗುಲಿಹಾಕುವ ಪುಟ್ಟ ಉಪಕರಣಗಳು. ದಿನಕ್ಕೊಂದು ಹಾಕುತ್ತಿದ್ದಳು. ಒಂದು ಎಲ್ಲ ಪುಟಗಳನ್ನೂ ಗೆರೆಯಿಂದ ಸೇರಿಸಿ ರಂಗೋಲಿಯಂತೆ ತೋರಿಸುತ್ತದೆ. ಇನ್ನೊಂದು, ಯಾವ ಪುಟಕ್ಕೂ ಜೋಡಣೆಯಿಲ್ಲದ ಅನಾಥ ಪುಟಗಳನ್ನು ಹುಡುಕಿ ಕೊಡುತ್ತದೆ.

"ಒಂದು ಅನಾಥ ಪುಟ ಇದ್ರೂ ನಂಗೆ ಊಟ ಸೇರಲ್ಲ ಅಕ್ಕಾ."

"ಹಂಗಿದ್ರೆ ಇವತ್ತು ನಿನ್ ಪಾಲಿನ ಮುದ್ದೆ ನಂಗೇ ಹಾಕು" ಎಂದೆ. ಹಾಕಿಬಿಟ್ಟಳು, ತಮಾಷೆಯೂ ಅರ್ಥವಾಗದ ಹೆಂಗಸು!

ಮೂರನೆಯ ಪ್ಲಗಿನ್ ಪ್ರಶ್ನೆ ಕೇಳುವಂಥದ್ದು. ಒಗ್ಗರಣೆಗೆ ಎಣ್ಣೆ ಕಾಯುತ್ತಿರುವಾಗ ಅವಳ ಫೋನು ಟಿಂಗ್ ಎಂದು ಗಟ್ಟಿಯಾಗಿ ಕೇಳುತ್ತಿತ್ತು: ಚಾಲುಕ್ಯರ ಲಾಂಛನ ಯಾವುದು? ನಾನು ಸೌಟು ಹಿಡಿದು ಯೋಚಿಸುತ್ತಿದ್ದೆ. ಆನೆಯೋ? ಸಿಂಹವೋ?

"ವರಾಹ!" ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಅತ್ತೆ ಕೂಗಿದರು. "ಬೆಳಿಗ್ಗೆಯಿಂದ ನಾಕು ಸಲ ಕೇಳೈತೆ ಅದು. ನಿಂಗಿನ್ನೂ ಗೊತ್ತಾಗಿಲ್ವಾ?"

ಅಕ್ಷರ ಬಾರದ ಅತ್ತೆಯ ಮೇಲೂ ಹೊಟ್ಟೆಕಿಚ್ಚುಪಟ್ಟ ಸೊಸೆ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು.

ತರಗತಿಯಲ್ಲಿ ಮೇಷ್ಟ್ರು ಅವಳ ವಿಕಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, "ಪಾಠ ಜೋಡಿಸೋದು ಅಂದ್ರೆ ಹೀಗೆ!" ಎಂದರು. ನನ್ನ ನೋಟ್‌ಬುಕ್ಕಿನಲ್ಲಿ ಕದಂಬರ ಕೆಳಗೆ ಉಪ್ಪಿಟ್ಟಿನ ಅಳತೆ ಇತ್ತು, ಮೆಲ್ಲಗೆ ಮುಚ್ಚಿಕೊಂಡೆ. ವೈಯಾಲಿಕಾವಲ್‌ನಿಂದ ಬರುವ ನಿವೃತ್ತ ಅಧಿಕಾರಿಯೊಬ್ಬರು ನನ್ನನ್ನು ತೋರಿಸಿ, "ಇವರು ಯಾರು ಗೊತ್ತಾ? ವಿಕಿ ಮೇಡಂ ಅವರ ಓರಗಿತ್ತಿ!" ಎಂದು ಪರಿಚಯಿಸಿದರು. ಒಂದು ವರ್ಷ ಮೊದಲು ಸೇರಿದವಳು ನಾನು! ಮೈಯೆಲ್ಲ ಉರಿದುಹೋಯಿತು.

ಒಂದು ಮಧ್ಯಾಹ್ನ ಅವಳು ಮಾರ್ಕೆಟ್ಟಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗಿದ್ದಳು. ನಡುಮನೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತೆ. ವಿಕಿಗೆ ಹೋಗಲು ನನಗೂ 'ಅಕ್ಕ' ಎಂಬ ಹೆಸರು ಮಾಡಿಕೊಟ್ಟಿದ್ದಳು. ಪಾಸ್‌ವರ್ಡು ಅಕ್ಕಿರೊಟ್ಟಿ. ನೇರವಾಗಿ ಶಾಪಾಶಯದ ಪುಟ ತೆರೆದೆ. ಪ್ರತಿ ಪುಟದ ನೆತ್ತಿಯ ಮೇಲೂ ಅವಳು ಸುಲಭ, ಸುಮಾರು, ಕಷ್ಟ ಎಂದು ಗುರುತು ಹಾಕುತ್ತಾಳೆ. ಇದರ ಮೇಲೆ ಏನಿತ್ತು ಗೊತ್ತೇ? 'ಸುಲಭ'!

ನಾನು ಫೇಲಾದ ಪಾಠ ಇವಳಿಗೆ ಸುಲಭವೇ? ಅಳಿಸು ಎಂಬ ಗುಂಡಿ ಒತ್ತಿದೆ. 'ಖಚಿತವೇ?' ಎಂದು ಕೇಳಿತು. ಖಚಿತವೇ ಅಂದರೆ! ಕೆತ್ತಿದ್ದನ್ನು ಅಳಿಸುವವರಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ, ಹುಳುವಾಗಿ ಹುಟ್ಟುವ ಶಿಕ್ಷೆ ಎಂದೆಲ್ಲ ಬರೆದಿದ್ದ ಪುಟವನ್ನೇ ಅಳಿಸಿ, ಎದ್ದುಹೋಗಿ ಕಾಫಿ ಮಾಡಿಕೊಂಡೆ.

ಸಂಜೆ ರಂಪವಾಗುತ್ತದೆ ಎಂದು ಕಾದೆ. ಏನೂ ಇಲ್ಲ. ಮರುದಿನ ನೋಡಿದರೆ ಪುಟ ವಾಪಸು ಬಂದಿದೆ! ಮೊದಲಿಗಿಂತ ಚಿಕ್ಕದು. ಪೂರ್ತಿ ಓದಿ, ಮತ್ತೆ ಅಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಹಾಜರು, ಇನ್ನೂ ಸರಳವಾಗಿ. ಅದನ್ನೂ ಓದಿ ಅಳಿಸಿದೆ. ಮೂರನೆಯ ಸಲ ವಾಪಸು ಬಂದಾಗ ಹೀಗಿತ್ತು: 'ಕಟ್ಟಿಟ್ಟ ಸೊಪ್ಪಿನ ಮೂಟೆಗೆ ಯಾರಾದರೂ ಕೈ ಹಾಕಿದರೆ ಅತ್ತೆ ಮಾರ್ಕೆಟ್ಟಿನಲ್ಲಿ ನಿಂತು ಏಳು ಜನ್ಮದವರೆಗೆ ಬೈಯುತ್ತಿದ್ದರಲ್ಲ? ಆ ಬೈಗುಳವನ್ನು ಕಲ್ಲಿನ ಮೇಲೆ ಕೆತ್ತಿದರೆ ಶಾಪಾಶಯ.' ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಅಳಿಸಲು ಕೈ ಬರಲಿಲ್ಲ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಎರಡೂವರೆ ಪುಟ ಬರೆದೆ, ಅತ್ತೆಯ ಬೈಗುಳದ ಸಮೇತ! ಪಾಸಾಗುತ್ತೇನೆಂದು ಪರೀಕ್ಷೆಯ ಕೋಣೆಯಲ್ಲೇ ಗೊತ್ತಾಗಿತ್ತು. ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದು, ಏನಾದರೂ ಬಿಟ್ಟಿದ್ದೇನೆಯೇ ಎಂದು ನೋಡಲು ಆ ಪುಟ ತೆರೆದೆ. ಮೂಲೆಯಲ್ಲಿ ನಾನು ಎಂದೂ ಗಮನಿಸದ ಗುಂಡಿಯೊಂದಿತ್ತು: 'ಹಳೆಯ ಪ್ರತಿಗಳು'. ಇನ್ನೊಂದು ಪ್ಲಗಿನ್! ಯಾರು, ಯಾವಾಗ, ಏನು ಬದಲಿಸಿದರು, ಯಾಕೆ ಬದಲಿಸಿದರು ಎಂದು ಎಲ್ಲವನ್ನೂ ಬರೆದಿಡುವಂಥದ್ದು. ಕಳ್ಳತನಕ್ಕೆ ಹೊರಟವಳು ನನ್ನ ಹೆಸರಿನಲ್ಲೇ ಒಳಗೆ ಹೋಗಿದ್ದೆನಲ್ಲ!

ಒತ್ತಿದೆ. ಹೀಗಿತ್ತು:

'ಅಕ್ಕ ಅಳಿಸಿದ್ದಾರೆ. ಅರ್ಥ ಆಗಿಲ್ಲ ಅನ್ಸುತ್ತೆ. ಚಿಕ್ಕದು ಮಾಡಿ ಬರೆದೆ.'

'ಅಕ್ಕ ಮತ್ತೆ ಅಳಿಸಿದ್ದಾರೆ. ಸಂಸ್ಕೃತ ಜಾಸ್ತಿ ಆಯ್ತೇನೋ. ತೆಗೆದೆ.'

'ಮೂರನೇ ಸಲ. ತಪ್ಪು ನಂದೇ, ಸುಲಭ ಅಂತ ಹಾಕ್ಬಾರ್ದಿತ್ತು. ಅಕ್ಕನಿಗೆ ಕಥೆ ಥರ ಹೇಳಿದ್ರೆ ಬೇಗ ಹಿಡೀತಾರೆ. ಮಾರ್ಕೆಟ್ ಉದಾಹರಣೆ ಹಾಕಿದೀನಿ. ಈ ಸಲ ಅವರು ಪಾಸ್ ಆಗ್ಲೇಬೇಕು.'

ನಾನು ಫೇಲಾಗಿದ್ದು ಅವಳಿಗೆ ಗೊತ್ತಿತ್ತು. ಒಂದು ವರ್ಷ ಅತ್ತೆಯ ಮುಂದೆ ಬಾಯಿಬಿಟ್ಟಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು, ನಾಚಿಕೆಯಿಂದ.

ಜೀವನದಲ್ಲಿ ಮೊದಲ ಸಲ ನಾನೇ ಒಂದು ಪುಟ ಮಾಡಿದೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ: 'ಅರ್ಥ ಆಗಿತ್ತು. ಹೊಟ್ಟೆಕಿಚ್ಚಿಗೆ ಅಳಿಸಿದೆ. ಕ್ಷಮಿಸು.' ಅವಳನ್ನು ಕರೆದು ಕೂರಿಸಿ, ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಹಿಂದೆ ಮೌಸ್ ಒತ್ತಿದ ಸದ್ದು ಕೇಳಿತು. ಆಮೇಲೆ, "ಅಕ್ಕಾ..." ಎಂದಳು.

"ಬಯ್ಯೋದಿದ್ರೆ ಬೈದುಬಿಡೇ."

"ಅದಲ್ಲ ಅಕ್ಕಾ. ಈ ಪುಟ ಅನಾಥ. ಎಲ್ಲಿಂದಾನೂ ಲಿಂಕ್ ಇಲ್ಲ. ತಡೀರಿ."

ತಿರುಗಿ ನೋಡಿದೆ. ವಿಕಿಯ ಮೊಟ್ಟಮೊದಲ ಪುಟ ತೆರೆದಿದ್ದಳು. ಶಾಪಾಶಯಕ್ಕೆ ನೇರವಾಗಿ ಹಾರುತ್ತಿದ್ದ ನಾನು ಅದನ್ನು ಒಮ್ಮೆಯೂ ಓದಿರಲಿಲ್ಲ. ಕಲ್ಲಿನ ಮೇಲೆ ದಾನ ಕೊಟ್ಟವರ ಹೆಸರು ಕೆತ್ತುತ್ತಾರಲ್ಲ, ಹಾಗೆ ಬರೆದಿತ್ತು: 'ಈ ವಿದ್ಯೆಗೆ ನನ್ನನ್ನು ಸೇರಿಸಿದವರು, ಫಾರಂ ತುಂಬಿದವರು, ಮೊದಲ ದಿನ ಕೈ ಹಿಡಿದು ಕರೆದುಕೊಂಡು ಹೋದವರು, ಅಕ್ಕ.'

ಅವಳು ಆ ಕೊನೆಯ ಪದದ ಮೇಲೆ ಏನೋ ಒತ್ತಿದಳು. ಇಷ್ಟು ದಿನ ಕಪ್ಪಗಿದ್ದ 'ಅಕ್ಕ' ನೀಲಿಯಾಯಿತು.

"ಈಗ ಊಟ ಸೇರುತ್ತೆ, ಬನ್ನಿ" ಎಂದಳು.