ಏನು ತಂದಿದ್ದೀರಿ, ಹೇಳಿ ಒಳಗೆ ಬನ್ನಿ

ಉಕ್ಕಡದಲ್ಲಿ ಕೂತವನು ನಗು ಹುಡುಕಿಕೊಂಡು ಬೇರೆ ಕಡೆ ಹೋಗಬೇಕಾಗಿಲ್ಲ. ರಸ್ತೆಯೇ ದಿನಕ್ಕೊಂದನ್ನು ಹೊತ್ತು ತಂದು ಮೇಜಿನ ಮುಂದೆ ಇಳಿಸಿ ಹೋಗುತ್ತೆ. ಇವತ್ತು ನಗಲೇಬಾರದು ಅಂತ ಹಲ್ಲು ಕಚ್ಚಿ ಕೂತ ದಿನವಂತೂ ಎರಡು.

ನಾನು ಹೊಳಲ್ಕೆರೆ ಕಡೆಯವನು. ಮಹಾರಾಜರ ಸರ್ಕಾರದಲ್ಲಿ ಗುಮಾಸ್ತನಾಗಿ ಸೇರಿದ ಕಾಲಕ್ಕೆ ದನಗಳಿಗೆ ದೊಡ್ಡರೋಗ, ಜನಕ್ಕೆ ಪ್ಲೇಗು ಒಟ್ಟೊಟ್ಟಿಗೇ ಓಡಾಡುತ್ತಿದ್ದವು. ಹಿರಿಯೂರಿನಿಂದ ಪೂರ್ವಕ್ಕೆ, ನಮ್ಮ ಮೈಸೂರು ಸೀಮೆ ಮುಗಿದು ಇಂಗ್ಲಿಷರ ತೆಲುಗು ಸೀಮೆ ಶುರುವಾಗುವ ಜಾಗದಲ್ಲಿ ನನ್ನ ಕೆಲಸ. ರಸ್ತೆಗೆ ಅಡ್ಡ ಒಂದು ಬಿದಿರು ಗಳ, ಪಕ್ಕದಲ್ಲಿ ಹೆಂಚಿನ ಮನೆ, ಅದರ ಹಿಂದೆ ದನದ ದೊಡ್ಡಿ. ಅದೇ ಉಕ್ಕಡ. ಆ ಕಡೆಯಿಂದ ಬರುವವರು ದನಕರು, ಕುರಿಮೇಕೆ, ಕಾಳುಕಡಿ, ಗಿಡಸಸಿ, ತಿನ್ನುವ ಪದಾರ್ಥ, ಏನೇ ತಂದಿದ್ದರೂ ನನಗೆ ಹೇಳಿ ಪುಸ್ತಕದಲ್ಲಿ ಬರೆಸಬೇಕು. ದನ, ಕುರಿ, ಮೇಕೆಯಾದರೆ ಹತ್ತು ದಿನ ದೊಡ್ಡಿಯಲ್ಲಿಟ್ಟು, ರೋಗವಿಲ್ಲ ಅಂತ ಖಾತ್ರಿಯಾದ ಮೇಲೇ ಬಿಡುವುದು.

ಆ ರೋಗ ನಮ್ಮ ಮನೆಯ ಜೋಡಿ ಎತ್ತನ್ನು ಎರಡೇ ದಿನದಲ್ಲಿ ತಿಂದುಹಾಕಿತ್ತು. ಖಾಲಿ ನೊಗ ಹಿಡಿದು ಅಪ್ಪ ಅಂಗಳದಲ್ಲಿ ನಿಂತಿದ್ದನ್ನು ಕಣ್ಣಾರೆ ಕಂಡವನು ನಾನು. ಹಾಗಾಗಿ ಕೆಲಸಕ್ಕೆ ಸೇರಿದ ದಿನವೇ ಗಟ್ಟಿ ಮಾಡಿಕೊಂಡೆ: ಯಾರೇ ಬರಲಿ, ಕೇಳದೆ ಬಿಡುವುದಿಲ್ಲ, ಬರೆಯದೆ ಬಿಡುವುದಿಲ್ಲ. ನನ್ನ ಜೊತೆಗಿದ್ದವನು ಹಿರಿಯೂರಿನ ಒಬ್ಬ ವಯಸ್ಸಾದ ದಫೇದಾರ. ಗಳ ಎತ್ತುವುದು, ಇಳಿಸುವುದು ಅವನ ಕೆಲಸ. ಎಂಥ ಮಾತನ್ನೂ ಮುಖ ಅಲ್ಲಾಡಿಸದೆ ಆಡುವುದು ಅವನ ಸ್ವಭಾವ.

ಮೊದಲನೇ ದಿನದ ಅಜ್ಜಿ

ಮೊದಲನೇ ದಿನ ಮೊದಲು ಬಂದವಳು ಒಬ್ಬ ಅಜ್ಜಿ. ಮಗಳ ಮನೆಯಿಂದ ಆದಿವಾಲಕ್ಕೆ ವಾಪಸು ಹೊರಟಿದ್ದಳು. ಕಂಕುಳಲ್ಲಿ ಬುತ್ತಿಗಂಟು. ನಾನು ಕೋಟಿನ ಗುಂಡಿ ಸರಿ ಮಾಡಿಕೊಂಡು, ಗಂಟಲು ಸರಿ ಮಾಡಿಕೊಂಡು ಕೇಳಿದೆ:

"ಅಜ್ಜೀ, ತಿನ್ನೋದು ಏನಾದ್ರೂ ಐತಾ?"

ಅಜ್ಜಿ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. ನಾನು ಆಗ ಬಲು ಸಣಕಲ. ಅವಳ ಕಣ್ಣಲ್ಲಿ ನೀರೇ ಬಂತು.

"ಅಯ್ಯೋ ನನ್ನಪ್ಪ, ಹೊಟ್ಟೆ ಹಸ್ದೈತಾ? ಕುಂತ್ಕ, ಕುಂತ್ಕ."

"ಹಂಗಲ್ಲಜ್ಜಿ, ಸರ್ಕಾರದ ರೂಲು..."

"ಸರ್ಕಾರಕ್ಕೆ ಬೆಂಕಿ ಬೀಳ. ನೀನು ಮೊದ್ಲು ತಿನ್ನು."

ಗಂಟು ಬಿಚ್ಚಿಯೇ ಬಿಟ್ಟಳು. ಎರಡು ಜೋಳದ ರೊಟ್ಟಿ, ಮೇಲೆ ಹುಚ್ಚೆಳ್ಳು ಚಟ್ನಿ. ಬೇಡ ಅಂದರೆ ಕೇಳುವ ಪೈಕಿ ಅಲ್ಲ. ಮುರಿದು ಬಾಯಿಗೇ ಇಟ್ಟಳು. ಬಾಯಿ ತುಂಬಿದ ಮೇಲೆ ರೂಲು ಹೇಳುವುದು ಹೇಗೆ? ಸುಮ್ಮನೆ ತಿಂದೆ. ಅವಳು ಹೋದ ಮೇಲೆ ಪುಸ್ತಕ ತೆಗೆದೆ. ಬರೆಯದೆ ಬಿಡುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೆನಲ್ಲ! "ಪದಾರ್ಥ: ರೊಟ್ಟಿ ಎರಡು" ಅಂತ ಬರೆದೆ. ಅದರ ಮುಂದೆ "ವಿಲೇವಾರಿ" ಅಂತ ಒಂದು ಕಲಂ. ಅಲ್ಲಿ ಏನು ಬರೆಯುವುದು ಅಂತ ಲೇಖನಿ ಕಚ್ಚಿಕೊಂಡು ಕೂತಿದ್ದಾಗ ದಫೇದಾರ ಹೇಳಿದ:

"'ಗುಮಾಸ್ತರು ಖುದ್ದಾಗಿ ತಪಾಸಣೆ ಮಾಡಿದರು, ಏನೂ ಉಳಿದಿಲ್ಲ' ಅಂತ ಬರೀರಿ ಸ್ವಾಮಿ."

ಸುಳ್ಳು ಹೇಳದ ವ್ಯಾಪಾರಿ

ಮುಚ್ಚಿಡುವವರು ಕಷ್ಟ ಅಂತ ನಾನು ತಿಳಿದಿದ್ದೆ. ಪೂರ್ತಿ ಹೇಳುವವರು ಇನ್ನೂ ಕಷ್ಟ ಅಂತ ಕಲಿಸಿದವನು ಒಬ್ಬ ಬೆಲ್ಲದ ವ್ಯಾಪಾರಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ತಲೆ ಮೇಲೆ ಬೆಲ್ಲದ ಬುಟ್ಟಿ. ಅವನ ಹಿಂದೆ ಇಪ್ಪತ್ತು ಮೂವತ್ತು ಜನ ಬಿಸಿಲಲ್ಲಿ ನಿಂತಿದ್ದರು.

"ಏನೇನು ತಂದಿದೀರಿ, ಹೇಳ್ರಿ."

"ಎಲ್ಲಾ ಹೇಳ್ತೀನಿ ಬುದ್ದಿ. ನಮ್ಮ ಮಠದ ಸ್ವಾಮಿಗಳ ಮುಂದೆ ನಿನ್ನೆ ತಾನೆ ಆಣೆ ಮಾಡೀನಿ, ಇನ್ನು ಸುಳ್ಳು ಹೇಳಲ್ಲ ಅಂತ. ಬೆಲ್ಲ ಹನ್ನೆರಡು ಅಚ್ಚು. ಹುಣಸೆಹಣ್ಣು ಒಂದು ಉಂಡೆ. ಆಮ್ಯಾಲೆ... ಜೀವ ಇರೋದೂ ಹೇಳ್ಬೇಕಾ?"

"ಜೀವ ಇರೋದನ್ನ ಮೊದ್ಲು ಹೇಳ್ಬೇಕು."

"ಹಂಗಾರೆ ಬರ್ಕಳ್ರಿ. ತಲೇಲಿ ಹೇನು ಅವೆ. ಎಷ್ಟು ಅಂತ ನಂಗೂ ಗೊತ್ತಿಲ್ಲ."

ಹಿಂದಿನವರು ಗೊಳ್ಳೆಂದರು. ಹೇನು ಬೇಡಪ್ಪ, ಹೋಗು ಅಂದೆ. ಅವನು ಹೋಗಲಿಲ್ಲ. ಬುಟ್ಟಿ ಕೆಳಗಿಳಿಸಿ ಮೇಲಿನ ಬಟ್ಟೆ ಸರಿಸಿದ. ಬೆಲ್ಲದ ಮೇಲೆ ಒಂದು ದೊಡ್ಡ ನೊಣ ಕೂತಿತ್ತು.

"ಇದು ಆ ಸೀಮೇದು ಬುದ್ದಿ. ಬೆಳಗಿಂದ ಜತೇಲೇ ಬಂದೈತೆ."

ನನ್ನ ತಾಳ್ಮೆ ಮುಗಿಯಿತು. ಎದ್ದು ಬಂದು ಪುಸ್ತಕದಿಂದಲೇ ಬೀಸಿ ನೊಣ ಓಡಿಸಿದೆ. ಅದು ಗಳದ ಮೇಲೆ ಹಾರಿ ಸೀದಾ ಹಿರಿಯೂರಿನ ದಿಕ್ಕಿಗೆ ಹೋಯಿತು. ವ್ಯಾಪಾರಿ ಗಾಬರಿಯಾಗಿ ಕೈ ಮುಗಿದ:

"ನಾನು ಹೇಳೀನಿ ಬುದ್ದಿ. ಬಿಟ್ಟಿದ್ದು ಮಾತ್ರ ತಾವು!"

ಗಡಿಯ ಮೇಲಿನ ಹೊಲ

ಉಕ್ಕಡದಿಂದ ಕೂಗಳತೆಯಲ್ಲಿ ಒಬ್ಬ ರೈತನ ಹೊಲ. ಅರ್ಧ ಮೈಸೂರಿನಲ್ಲಿ, ಅರ್ಧ ಆ ಕಡೆ. ನಡುವೆ ಒಂದು ಗಡಿಕಲ್ಲು. ಮಳೆ ಬಿದ್ದ ಮಾರನೇ ದಿನ ಅವನು ಎತ್ತು ಕಟ್ಟಿ ಉಳುತ್ತಿದ್ದ. ಎತ್ತುಗಳು ಗಡಿಕಲ್ಲು ದಾಟಿ ಆ ಕಡೆ ಹೋದವು, ತಿರುಗಿ ಈ ಕಡೆ ಬಂದವು. ನಾನು ಓಡಿಹೋಗಿ ಅಡ್ಡ ನಿಂತೆ.

"ಎತ್ತು ಆ ಸೀಮೆಯಿಂದ ಬಂದ್ವು. ಹತ್ತು ದಿನ ದೊಡ್ಡೀಲಿ ಇರ್ಬೇಕು."

"ಈಗ ತಾನೆ ಇಲ್ಲಿಂದ ಹೋದ್ವಲ್ರಿ!"

"ಹೋಗಿದ್ದು ನನಗೆ ಸಂಬಂಧ ಇಲ್ಲ. ಬಂದಿದ್ದು ಸಂಬಂಧ."

ಅವನು ನೇಗಿಲ ಮೇಳಿ ಬಿಟ್ಟು ಸೊಂಟಕ್ಕೆ ಕೈಯಿಟ್ಟು ನಿಂತ. ಒಂದು ಸಲ ಹೊಲದ ಉದ್ದ ನೋಡಿದ, ಒಂದು ಸಲ ನನ್ನ ಮುಖ ನೋಡಿದ.

"ಸಾಲಿಗೆ ಹತ್ತು ದಿನ ಅಂದ್ರೆ, ಈ ಹೊಲ ಉತ್ತು ಮುಗಿಸೋದ್ರೊಳಗೆ ನನ್ನ ಮೊಮ್ಮಗನಿಗೆ ಮೀಸೆ ಬರ್ತದೆ ಸ್ವಾಮಿ. ನನಗಿನ್ನೂ ಮದ್ವೆನೇ ಆಗಿಲ್ಲ!"

ಕೊನೆಗೆ ದಾರಿ ಹೇಳಿದವಳು ಅವನ ತಾಯಿ. ಬದುವಿನ ಮೇಲೆ ಕೂತಲ್ಲಿಂದಲೇ ಕೂಗಿದಳು: "ಲೇ, ಅಡ್ಡಡ್ಡ ಉಳೋದು ಬಿಟ್ಟು ಗಡಿಗುಂಟ ಉದ್ದುದ್ದ ಉಳೋ! ಆ ಅರ್ಧಕ್ಕೆ ಆ ಸೀಮೇಲೇ ಇರೋ ನಿಮ್ಮ ಮಾವನ ಎತ್ತು ಬರ್ತವೆ." ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ಓದಿದೀಯ, ಇದು ಹೊಳೀಲಿಲ್ವೇನಪ್ಪ?" ಅಂದಳು.

ರಾಮಗಿರಿ ಸ್ಟೇಷನ್ನಿನಲ್ಲಿ ತುಳಸಿ

ಒಂದು ವರ್ಷ ಹುಬ್ಬಳ್ಳಿ ಕಡೆಯಿಂದ ರೋಗ ಬರುತ್ತಿದೆ ಅಂತ ನನ್ನನ್ನು ಎರಡು ತಿಂಗಳು ರಾಮಗಿರಿ ರೈಲ್ವೆ ಸ್ಟೇಷನ್ನಿಗೆ ಹಾಕಿದರು. ಬೇರಿಗೆ ಮಣ್ಣು ಅಂಟಿದ ಸಸಿ ಒಳಗೆ ಬಿಡಕೂಡದು ಅಂತ ಹೊಸ ಹುಕುಂ ಬೇರೆ ಬಂದಿತ್ತು. ಒಂದು ಬೆಳಿಗ್ಗೆ ರೈಲಿನಿಂದ ಒಬ್ಬ ಮಡಿ ಅಮ್ಮ ಇಳಿದರು. ಹೊಸದುರ್ಗದಲ್ಲಿ ಮಗ ಹೊಸ ಮನೆ ಕಟ್ಟಿಸಿದ್ದನಂತೆ. ಎದೆಗೆ ಅವುಚಿಕೊಂಡ ಕುಂಡದಲ್ಲಿ ಒಂದು ತುಳಸಿ ಗಿಡ.

"ಅಮ್ಮಾ, ಸಸಿ ಬಿಡೋ ಹಾಗಿಲ್ಲ."

"ಸಸಿ ಅಲ್ಲಪ್ಪ, ತಾಯಿ. ಐವತ್ತು ವರ್ಷದಿಂದ ಪೂಜೆ ಮಾಡಿದೀನಿ. ನಿನ್ನ ಪುಸ್ತಕದಲ್ಲಿ ದೇವರಿಗೆ ಯಾವ ಕಲಂ ಇದೆ, ತೋರ್ಸು ನೋಡೋಣ."

ದೇವರಿಗೆ ಕಲಂ ಇರಲಿಲ್ಲ. ಅವರೂ ಜಗ್ಗುವವರಲ್ಲ, ನಾನೂ ಜಗ್ಗುವವನಲ್ಲ. ಯೋಚಿಸಿ ಹೇಳಿದೆ: "ಅಮ್ಮಾ, ದೇವರು ಧಾರಾಳವಾಗಿ ಬರಲಿ. ಮಣ್ಣು ಮಾತ್ರ ಬೇಡ. ಬೇರು ತೊಳೆದು ಕೊಡ್ತೀನಿ."

ಒಪ್ಪಿದರು. ಅವರು ಮಂತ್ರ ಹೇಳುತ್ತಾ ಗಿಡ ಹಿಡಿದರು, ನಾನು ಕೊಡಪಾನದಿಂದ ನೀರು ಹಾಕಿದೆ. ಅದೇ ರೈಲಿನಲ್ಲಿ ಹಾಲುರಾಮೇಶ್ವರಕ್ಕೆ ಹೊರಟ ಯಾತ್ರಿಕರ ಒಂದು ಗುಂಪು ಇಳಿದಿತ್ತು. ಮಂತ್ರ ಕೇಳಿತು, ನೀರು ಕಂಡಿತು. ಅಷ್ಟೇ ಸಾಕು, ಓಡಿ ಬಂದು ಬೊಗಸೆ ಒಡ್ಡಿದರು. ಮಣ್ಣು ನೀರು ಕಣ್ರೀ ಅಂತ ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಅವರನ್ನು ನೋಡಿ ಮುಂದಿನ ಊರಿಗೆ ಹೋಗಬೇಕಾದವರೂ ಡಬ್ಬಿಯಿಂದ ಇಳಿದು ಸಾಲಿಗೆ ನಿಂತರು. ಸ್ಟೇಷನ್ ಮಾಸ್ತರರು ಸಿಡಿಮಿಡಿಗೊಂಡು ಪೀಪಿ ಊದುತ್ತಾ ಬಂದರು.

"ಏನ್ರೀ ಇದು? ಗಾಡಿ ಆಗಲೇ ತಡ! ಯಾರು ಇದನ್ನ ಶುರು ಮಾಡಿದ್ದು?"

ನಾನು ತಲೆ ತಗ್ಗಿಸಿದೆ. ಅವರು ಒಂದು ಗಳಿಗೆ ಗಿಡ ನೋಡಿದರು, ಜನ ನೋಡಿದರು, ಟೋಪಿ ತೆಗೆದು ಕಂಕುಳಲ್ಲಿಟ್ಟರು.

"ಬೇಗ ಕೊಡಿ. ಡ್ರೈವರನಿಗೂ ಒಂದಿಷ್ಟು ಲೋಟದಲ್ಲಿ ಹಾಕಿ."

ಸಾಹೇಬರ ಕೆಮ್ಮು

ರಾಮಗಿರಿಯಿಂದ ನಾನು ಹಳೇ ಉಕ್ಕಡಕ್ಕೆ ವಾಪಸಾದ ಮೇಲೆ ನಡೆದದ್ದು ಇದು. ಇದರಲ್ಲಿ ನನ್ನ ಕೆಲಸ ಹೋಗುವುದಿತ್ತು.

ಚಿತ್ರದುರ್ಗದಿಂದ ಎಲ್ಲ ಉಕ್ಕಡಗಳನ್ನೂ ನೋಡಿಕೊಳ್ಳುತ್ತಿದ್ದ ದೊಡ್ಡ ಸಾಹೇಬರು ಒಬ್ಬರಿದ್ದರು. ನಮ್ಮವರೇ. ಜರಿ ಪೇಟ, ಕರೀ ಕೋಟು. ನಮ್ಮ ಗೋಡೆಯ ಮೇಲೆ ಅಂಟಿಸಿದ್ದ ನಿಯಮದ ಕಾಗದಕ್ಕೆ ಸಹಿ ಹಾಕಿದವರೂ ಅವರೇ. ಒಂದು ಮಧ್ಯಾಹ್ನ ಅವರು ಅತ್ತೆ ಮನೆಯಿಂದ ಹೆಂಡತಿಯ ಜೊತೆ ಕುದುರೆಗಾಡಿಯಲ್ಲಿ ವಾಪಸು ಬಂದರು. ಸಾಹೇಬರು ಮುಂದೆ ಕೂತಿದ್ದರು, ಅವರ ಹಿಂದೆ ಗಾಡಿಗೆ ಪರದೆ ಇಳಿಬಿಟ್ಟಿತ್ತು. ಕುದುರೆಗೆ ನಿಯಮ ಇರಲಿಲ್ಲ. ಗಾಡಿಯೊಳಗಿನದಕ್ಕೆ ಇತ್ತು.

ದಫೇದಾರ ಗಳ ಎತ್ತಲು ಹೋದ. ನಾನು ಬೇಡ ಅಂತ ಕೈ ಅಡ್ಡ ಮಾಡಿದೆ. ಸಾಹೇಬರ ಮುಂದೆ ನಿಂತು ನಮಸ್ಕಾರ ಮಾಡಿ ಕೇಳಿದೆ:

"ಸ್ವಾಮೀ, ಪ್ರಾಣಿ, ಸಸ್ಯ, ತಿನ್ನೋ ಪದಾರ್ಥ ಏನಾದ್ರೂ...?"

"ನನ್ನನ್ನೇ ಕೇಳ್ತೀಯಾ? ಏನೂ ಇಲ್ಲ. ಗಳ ಎತ್ತು."

ಆ ಮಾತು ಮುಗಿಯುವ ಮೊದಲೇ ಪರದೆಯ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು:

"ಮ್ಯಾ..."

ಸಾಹೇಬರು ತಟ್ಟನೆ ಕೈ ಬಾಯಿಗಿಟ್ಟು ಎರಡು ಸಲ ಕೆಮ್ಮಿದರು. "ಕೆಮ್ಮು. ಮೂರು ದಿನದಿಂದ ಹೀಗೇ," ಅಂದರು.

ಆಗ ದಫೇದಾರ ಮುಂದೆ ಬಂದು ಸಲಾಮು ಹೊಡೆದು, ಮುಖ ಒಂದಿಷ್ಟೂ ಅಲ್ಲಾಡಿಸದೆ ಹೇಳಿದ:

"ಮಾಸ್ವಾಮಿ, ಇಂಥ ಕೆಮ್ಮು ಇರೋರ್ನ ಹತ್ತು ದಿನ ದೊಡ್ಡೀಲಿ ಕಟ್ಟಿ ನೋಡ್ಬೇಕು ಅಂತ ತಾವೇ ಬರ್ದಿದೀರಿ."

ಗಾಡಿಯೊಳಗೆ ಹೆಂಗಸು ನಕ್ಕ ಶಬ್ದ. ಪರದೆ ಸರಿಯಿತು. ಸಾಹೇಬರ ಹೆಂಡತಿ ಕೂತಿದ್ದರು, ಪಕ್ಕದಲ್ಲಿ ಕರೀ ಮೇಕೆ. ಅದರ ಬಾಯಲ್ಲಿ ಸರ್ಕಾರಿ ಟಪಾಲಿನ ಒಂದು ಲಕೋಟೆ.

"ಕೇಳೋದು ಅವರ ಕೆಲಸ. ಹೇಳೋಕೆ ನಿಮಗೇನು ಸಂಕೋಚ?" ಅಂದರು ಆಕೆ. ಆಮೇಲೆ ನನಗೆ, "ಇವರ ಹೊಟ್ಟೆ ಸರಿಯಿಲ್ಲಪ್ಪ. ವೈದ್ಯರು ಮೇಕೆ ಹಾಲು ಹೇಳಿದಾರೆ. ಇದರ ಹಾಲು ಬಿಟ್ಟು ಬೇರೇನೂ ದಕ್ಕೋದಿಲ್ಲ. ದುರ್ಗದಲ್ಲಿ ಜನಕ್ಕೆ ತಿಳಿದ್ರೆ ನಗ್ತಾರೆ ಅಂತ ಇವರಿಗೆ ನಾಚಿಕೆ."

ಸಾಹೇಬರು ಕೆಂಪಗಾಗಿ, ದನಿ ತಗ್ಗಿಸಿ, "ಹೋಗಲಿ, ಒಂದು ಮೇಕೆ ತಾನೆ, ಬಿಟ್ಟುಬಿಡು," ಅಂದರು. ನಾನು ಗೋಡೆಯ ಕಾಗದ ಕಿತ್ತು ತಂದು ಅವರ ಕೈಗೆ ಕೊಟ್ಟೆ. "ಸ್ವಾಮೀ, ಬಿಡಬಹುದು ಅಂತ ಇದರ ಕೆಳಗೆ ಬರೆದು ಇನ್ನೊಂದು ಸಹಿ ಹಾಕಿ. ಬಿಟ್ಟುಬಿಡ್ತೀನಿ."

ಅವರು ತಮ್ಮ ಸಹಿಯನ್ನೇ ಬೇರೆ ಯಾರದೋ ಎಂಬಂತೆ ನೋಡಿದರು. ಆಮೇಲೆ ಮೆಲ್ಲಗೆ ಗಾಡಿಯಿಂದ ಇಳಿದರು.

"ಬರ್ಕೋ. ಹೆಣ್ಣು ಮೇಕೆ ಒಂದು. ಬಣ್ಣ ಕಪ್ಪು."

ಹೆಂಡತಿ ಗಾಡಿಯಲ್ಲಿ ಚಿತ್ರದುರ್ಗಕ್ಕೆ ಹೋದರು. ಮೇಕೆ ದೊಡ್ಡಿಗೆ ಹೋಯಿತು. ಮೇಕೆಯನ್ನು ಬಿಟ್ಟು ಹೋಗುವಂತಿಲ್ಲದ ಸಾಹೇಬರು ನಮ್ಮ ಜಗುಲಿಯಲ್ಲೇ ಚಾಪೆ ಹಾಸಿದರು. ಹತ್ತು ದಿನ. ಬೆಳಿಗ್ಗೆ ಸಂಜೆ ದಫೇದಾರ ಹಾಲು ಕರೆದು ಕೊಡುತ್ತಿದ್ದ. ಐದನೇ ದಿನದಿಂದ ಸಾಹೇಬರೇ ಪೇಟ ತೆಗೆದಿಟ್ಟು ಕರೆಯಲು ಕಲಿತರು. ಹೊಟ್ಟೆಯೂ ಸುಧಾರಿಸಿತು, ಸಿಟ್ಟೂ ಇಳಿಯಿತು. ಹೊರಡುವಾಗ ನನ್ನ ಬೆನ್ನು ತಟ್ಟಿ, "ಹೀಗೇ ಇರು," ಅಂದರು.

ಅವರು ಮೇಲಕ್ಕೆ ಕಳಿಸಿದ ವರದಿಯ ನಕಲು ನಮಗೂ ಬಂತು. "ಸದರಿ ಉಕ್ಕಡವನ್ನು ಹತ್ತು ದಿನ ಸ್ಥಳದಲ್ಲೇ ಖುದ್ದಾಗಿ ಮೊಕ್ಕಾಂ ಇದ್ದು ಕೂಲಂಕಷವಾಗಿ ತಪಾಸಣೆ ಮಾಡಲಾಯಿತು," ಅಂತಿತ್ತು. ಮೇಲಿನವರಿಗೆ ಇದು ಬಹಳ ಹಿಡಿಸಿತು. ಮರುತಿಂಗಳೇ ಸುತ್ತೋಲೆ ಹೊರಟಿತು: ಇನ್ನು ಮುಂದೆ ಎಲ್ಲ ಅಧಿಕಾರಿಗಳೂ ಇದೇ ಮಾದರಿಯಲ್ಲಿ ಪ್ರತಿ ಉಕ್ಕಡದಲ್ಲೂ ಹತ್ತು ದಿನ ಮೊಕ್ಕಾಂ ಮಾಡತಕ್ಕದ್ದು.

ನಾನು ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ದಫೇದಾರ ಪೂರ್ತಿ ಕೇಳಿ, ತಲೆದೂಗಿ, ಒಂದೇ ಒಂದು ಅನುಮಾನ ಕೇಳಿದ:

"ಮ್ಯಾಕೆ ಅವ್ರವ್ರೇ ತರ್ಬೇಕೋ, ಸರ್ಕಾರದ್ದೇ ಕೊಡ್ತಾರೋ?"